ಹೋದ ದಾರಿಯಲ್ಲೇ ಮರಳುವ ಸೂಜಿ

ಧಾರವಾಡದ ಕಡೆ ಕಸೂತಿ ಬಲ್ಲವರ ಕೈಗೆ ಒಂದು ಸೀರೆ ಕೊಟ್ಟು ನೋಡಿ. ಸೆರಗಿನ ಮೇಲಿನ ತೇರು, ಆನೆ, ಗೋಪುರಗಳ ಸರದಿ ಆಮೇಲೆ. ಮೊದಲು ಅವರು ಬಟ್ಟೆಯನ್ನು ಮಗುಚಿ ಹಿಂಬದಿಯನ್ನು ನೋಡುತ್ತಾರೆ. ಅಲ್ಲಿ ದಾರದ ಗಂಟು ಕಂಡರೆ, ಒಂದು ಚಿತ್ರದಿಂದ ಇನ್ನೊಂದಕ್ಕೆ ಹಾರಿದ ಎಳೆ ಜೋತು ಬಿದ್ದಿದ್ದರೆ, ಮುಂಬದಿ ಎಷ್ಟೇ ಚೆಂದವಿರಲಿ, ಮೆಚ್ಚುಗೆಯ ಮಾತು ಸುಲಭಕ್ಕೆ ಹೊರಡುವುದಿಲ್ಲ. ಒಳ್ಳೆಯ ಕಸೂತಿಯಲ್ಲಿ ಬಟ್ಟೆಯ ಎರಡು ಬದಿಗಳಲ್ಲೂ ಅದೇ ಚಿತ್ರ, ಅದೇ ಗೆರೆ ಇರುತ್ತದೆ. ದಾರ ಎಲ್ಲಿ ಶುರುವಾಯಿತು, ಎಲ್ಲಿ ಮುಗಿಯಿತು ಎಂಬುದು ಹುಡುಕಿದರೂ ಸಿಗುವುದಿಲ್ಲ.

ಇಷ್ಟೆಲ್ಲ ಸಾಧಿಸುವುದು ಯಾವುದೋ ಗಹನವಾದ ಕೈಚಳಕದಿಂದ ಇರಬೇಕು ಎಂದು ನೋಡುವವರಿಗೆ ಅನ್ನಿಸಬಹುದು. ಹಾಗೇನೂ ಇಲ್ಲ. ಇದರ ತಳಹದಿಯಾದ ಹೊಲಿಗೆ ಹರಿದ ಚೀಲಕ್ಕೆ ಹಾಕುವ ಸಾದಾ ಟಾಕಿಗೆಯೇ. ಸೂಜಿ ಮೇಲೆ ಬರುತ್ತದೆ, ಕೆಳಗೆ ಹೋಗುತ್ತದೆ, ಮತ್ತೆ ಮೇಲೆ ಬರುತ್ತದೆ. ಏಳೆಂಟು ವರ್ಷದ ಮಗು ಅರ್ಧ ಗಂಟೆಯಲ್ಲಿ ಕಲಿಯಬಲ್ಲ ಹೊಲಿಗೆ ಇದು. ಕಲಿಯಲು ವರ್ಷಗಳು ಹಿಡಿಯುವುದು ಬೇರೊಂದು ಸಂಗತಿ: ಸೂಜಿ ಯಾವ ದಾರಿಯಲ್ಲಿ ಹೋಗಬೇಕು ಎಂಬುದು.

ಮೊದಲಿಗೆ ಹೆಸರಿನ ಗೊಂದಲವನ್ನು ಸರಿಪಡಿಸಿಕೊಳ್ಳಬೇಕು. ಮೈಸೂರು, ಬೆಂಗಳೂರಿನ ಕಡೆಯ ಮಾತಿನಲ್ಲಿ ಬಟ್ಟೆಯ ಮೇಲೆ ಸೂಜಿ–ದಾರದಿಂದ ಮಾಡುವ ಯಾವುದೇ ಅಲಂಕಾರಕ್ಕೂ ‘ಕಸೂತಿ’ ಎನ್ನುತ್ತಾರೆ. ದಿಂಬಿನ ಚೀಲದ ಮೇಲಿನ ಗುಲಾಬಿಯೂ ಕಸೂತಿಯೇ, ಕರವಸ್ತ್ರದ ಅಂಚೂ ಕಸೂತಿಯೇ. ಆದರೆ ಧಾರವಾಡ, ಹುಬ್ಬಳ್ಳಿ, ಬೆಳಗಾವಿ, ಗದಗ, ಬಾಗಲಕೋಟೆ, ವಿಜಯಪುರದ ಸೀಮೆಯಲ್ಲಿ ಈ ಹೆಸರಿಗೆ ನಿರ್ದಿಷ್ಟವಾದ ಅರ್ಥವಿದೆ. ಅಲ್ಲಿ ಕಸೂತಿಯೆಂದರೆ ಬಟ್ಟೆಯ ಮೇಲೆ ಏನನ್ನೂ ಬರೆದುಕೊಳ್ಳದೆ, ನೇಯ್ಗೆಯ ಎಳೆಗಳನ್ನೇ ಎಣಿಸುತ್ತ ಹಾಕುವ ಹೊಲಿಗೆ. ‘ಕೈ’ ಮತ್ತು ‘ಸೂತಿ’ ಸೇರಿ ಕಸೂತಿಯಾಯಿತು ಎಂಬುದು ಜನಪ್ರಿಯವಾದ ವಿವರಣೆ. ಸೂತಿ ಎಂದರೆ ಹತ್ತಿಯ ನೂಲು. ಹೊಲಿಗೆಯ ಅಲಂಕಾರಕ್ಕೆ ಪಾರಸಿಯಿಂದ ಬಂದ ‘ಕಶೀದಾ’ ಎಂಬ ಮಾತೂ ಉತ್ತರ ಭಾರತದಲ್ಲೆಲ್ಲ ಬಳಕೆಯಲ್ಲಿದೆ. ಎರಡರ ನಂಟನ್ನು ಭಾಷಾ ಪಂಡಿತರಿಗೆ ಬಿಡುವುದು ಒಳ್ಳೆಯದು.

ಇದು ಅಂಗಡಿಗಾಗಿ ಹುಟ್ಟಿದ ಕಸುಬಲ್ಲ. ಜರಿ ಕೆಲಸಕ್ಕೆ ಉಸ್ತಾದರು, ಕಾರಖಾನೆಗಳು ಇದ್ದಂತೆ ಕಸೂತಿಗೆ ಇರಲಿಲ್ಲ. ಮನೆಯ ಹೆಂಗಸರು ಬಿಡುವಿನ ಹೊತ್ತಿನಲ್ಲಿ ಮಗಳ ಮದುವೆಯ ಸೀರೆಗೆ, ತೊಟ್ಟಿಲ ಕೂಸಿನ ಕುಂಚಿಗೆಗೆ, ಕುಲಾವಿಗೆ ಹಾಕುತ್ತಿದ್ದ ಹೊಲಿಗೆ ಇದು. ಮದುಮಗಳಿಗೆ ಕೊಡುವ ಸೀರೆಗಳಲ್ಲಿ ಚಂದ್ರಕಾಳಿ ಎಂಬ ಕಪ್ಪು ಸೀರೆಯೊಂದು ಇರಬೇಕು, ಅದರ ಮೇಲೆ ಕಸೂತಿ ಇರಬೇಕು ಎಂಬ ಪದ್ಧತಿ ಬಹಳ ಮನೆಗಳಲ್ಲಿತ್ತು. ಇಳಕಲ್ಲಿನ ಮಗ್ಗದ ಸೀರೆ ಇದಕ್ಕೆ ಹೇಳಿ ಮಾಡಿಸಿದಂತಹುದು. ಗಟ್ಟಿಯಾದ ನೇಯ್ಗೆ, ಎಣಿಸಲು ಸಿಗುವ ಎಳೆ, ಗಾಢವಾದ ಬಣ್ಣ. ಕೆಂಪು, ಹಸಿರು, ಕಿತ್ತಳೆ, ನೇರಳೆಯ ರೇಷ್ಮೆ ದಾರ ಅದರ ಮೇಲೆ ಎದ್ದು ಕಾಣುತ್ತದೆ. ಒಂದು ತೊಡಕೂ ಇದೆ. ಕಪ್ಪು ಬಟ್ಟೆಯ ಕಪ್ಪು ಎಳೆಗಳನ್ನು ಎಣಿಸುವುದು ಕಣ್ಣಿಗೆ ಕಷ್ಟ. ದೀಪದ ಬೆಳಕು ಸಾಲದು, ಹಗಲೇ ಬೇಕು.

ಕಸೂತಿಯಲ್ಲಿ ನಾಲ್ಕು ಹೊಲಿಗೆಗಳಿವೆ: ಗವಂತಿ, ಮುರ್ಗಿ, ನೇಗಿ, ಮೆಂತಿ. ಹೆಸರುಗಳೆಲ್ಲ ಮನೆಯ ಮಾತಿನಿಂದಲೇ ಬಂದವು. ನೇಗಿ ಎಂದರೆ ನೇಯ್ಗೆ. ಉದ್ದ–ಗಿಡ್ಡ ಟಾಕಿಗೆಗಳನ್ನು ಸಾಲಾಗಿ ಹಾಕಿದಾಗ ಚಿತ್ರವನ್ನು ಮಗ್ಗದಲ್ಲೇ ನೇಯ್ದಂತೆ ಕಾಣುತ್ತದೆ. ಮೆಂತಿ ಎಂದರೆ ಅಡಿಗೆಮನೆಯ ಮೆಂತೆ. ಒಂದರ ಮೇಲೊಂದು ಅಡ್ಡ ಹಾಯುವ ಗುಣಾಕಾರದ ಗುರುತಿನಂತಹ ಹೊಲಿಗೆ, ಕಾಳು ಚೆಲ್ಲಿದಂತೆ ಜಾಗವನ್ನು ತುಂಬಲು ಒದಗುತ್ತದೆ. ಈ ಎರಡರಲ್ಲಿ ಹಿಂಬದಿ ಮುಂಬದಿಯಂತೆ ಇರುವುದಿಲ್ಲ. ಎರಡೂ ಬದಿ ಒಂದೇ ಆಗಿ ಕಾಣುವುದು ಗವಂತಿ ಮತ್ತು ಮುರ್ಗಿಯಲ್ಲಿ. ಗವಂತಿ ಎಂಬ ಹೆಸರು ‘ಗಂಟು’ ಎಂಬುದರಿಂದ ಬಂತೆಂದು ಸಾಮಾನ್ಯವಾಗಿ ಹೇಳುತ್ತಾರೆ. ಗಂಟೇ ಇರಕೂಡದ ಹೊಲಿಗೆಗೆ ಗಂಟಿನ ಹೆಸರು ಬಂದದ್ದು ವಿನೋದವೇ ಸರಿ.

ಗವಂತಿ ಕಲಿಯಲು ಸೀರೆ ಬೇಕಿಲ್ಲ. ಹೊಲಿಗೆ ತರಗತಿಗಳಲ್ಲಿ ಬಳಸುವ ಮ್ಯಾಟಿ ಬಟ್ಟೆಯ ಒಂದು ತುಂಡು, ಮೊಂಡು ತುದಿಯ ಸೂಜಿ, ಬಟ್ಟೆಗಿಂತ ಬೇರೆ ಬಣ್ಣದ ದಾರ ಇದ್ದರೆ ಸಾಕು. ಸೂಜಿಯ ತುದಿ ಚೂಪಾಗಿದ್ದರೆ ಎಳೆಯನ್ನೇ ಸೀಳಿಕೊಂಡು ಹೋಗಿ ಲೆಕ್ಕ ಕೆಡುತ್ತದೆ. ದಾರ ಒಂದು ಮೊಳ ಮೀರದಿರಲಿ. ಉದ್ದವಾದಷ್ಟೂ ಅದು ಸಿಕ್ಕುಗಟ್ಟುತ್ತದೆ, ಮತ್ತೆ ಮತ್ತೆ ಬಟ್ಟೆಯೊಳಗೆ ಹಾಯ್ದು ಹೊಳಪು ಕಳೆದುಕೊಳ್ಳುತ್ತದೆ.

ತುದಿಗೆ ಗಂಟು ಹಾಕಬಾರದು. ಬಟ್ಟೆಯ ಕೆಳಗಿನಿಂದ ಸೂಜಿಯನ್ನು ಮೇಲೆತ್ತಿ, ಎರಡು ಅಂಗುಲದಷ್ಟು ದಾರವನ್ನು ಕೆಳಗೇ ಬಿಟ್ಟು ಎಡಗೈ ಬೆರಳಿನಿಂದ ಒತ್ತಿ ಹಿಡಿಯಬೇಕು. ನಾಲ್ಕು ಎಳೆ ಎಣಿಸಿ ಸೂಜಿಯನ್ನು ಕೆಳಗಿಳಿಸಿ. ಮತ್ತೆ ನಾಲ್ಕು ಎಳೆ ಬಿಟ್ಟು ಮೇಲೆ, ಇನ್ನು ನಾಲ್ಕಕ್ಕೆ ಕೆಳಗೆ. ಹೀಗೆ ಐದು ಹೊಲಿಗೆಯ ಒಂದು ಗೆರೆಯನ್ನು ಎಳೆದರೆ ಒಂದು, ಮೂರು, ಐದನೆಯ ಹೊಲಿಗೆಗಳು ಮೇಲೆ ಕಾಣುತ್ತವೆ. ಎರಡು, ನಾಲ್ಕನೆಯವು ಕೆಳಬದಿಯಲ್ಲಿವೆ. ಮೇಲಿನಿಂದ ನೋಡಿದರೆ ಹಲ್ಲು ಬಿದ್ದ ಬಾಯಿಯಂತೆ ನಡುನಡುವೆ ಖಾಲಿ. ಕೆಳಗಿನಿಂದ ನೋಡಿದರೆ, ಮೇಲೆ ಖಾಲಿ ಇದ್ದಲ್ಲಿ ದಾರ, ದಾರ ಇದ್ದಲ್ಲಿ ಖಾಲಿ.

ಇಲ್ಲಿಂದ ಸೂಜಿ ಹಿಂದಿರುಗಬೇಕು. ಐದನೆಯ ಹೊಲಿಗೆಯ ತುದಿಯಲ್ಲಿ ಸೂಜಿ ಕೆಳಬದಿಯಲ್ಲಿದೆ. ಅದು ಈಗ ಐದನೆಯ ಜಾಗವನ್ನು ಕೆಳಗಿನಿಂದ ದಾಟಿ, ನಾಲ್ಕನೆಯದನ್ನು ಮೇಲಿನಿಂದ, ಮೂರನೆಯದನ್ನು ಕೆಳಗಿನಿಂದ, ಎರಡನೆಯದನ್ನು ಮೇಲಿನಿಂದ, ಮೊದಲನೆಯದನ್ನು ಕೆಳಗಿನಿಂದ ದಾಟುತ್ತ, ಹೋದಾಗ ಬಳಸಿದ ತೂತುಗಳನ್ನೇ ಮತ್ತೆ ಬಳಸುತ್ತ ಬರುತ್ತದೆ. ಹೋಗುವಾಗ ಬಿಟ್ಟ ಖಾಲಿಗಳೆಲ್ಲ ಬರುವಾಗ ತುಂಬುತ್ತವೆ. ಹೊರಟ ತೂತಿಗೇ ಸೂಜಿ ಮರಳಿದಾಗ ಮೇಲೊಂದು ಅಖಂಡ ಗೆರೆ, ಕೆಳಗೂ ಅಂಥದೇ ಗೆರೆ ಸಿದ್ಧ. ಬಿಟ್ಟ ತುದಿ ಮತ್ತು ಉಳಿದ ತುದಿ ಎರಡೂ ಒಂದೇ ತೂತಿನ ಬಳಿ, ಕೆಳಬದಿಯಲ್ಲಿ ಸೇರಿರುತ್ತವೆ. ಅವನ್ನು ಅಲ್ಲಿನ ಕೆಲವು ಹೊಲಿಗೆಗಳ ಅಡಿಯಲ್ಲಿ ನುಸುಳಿಸಿ ಕತ್ತರಿಸಿದರೆ ಮುಗಿಯಿತು.

ಮೊದಲ ಸಲ ಎಳೆದ ಗೆರೆ ಬಹುಪಾಲು ಸೊಟ್ಟಗಿರುತ್ತದೆ. ಹಾವು ಹರಿದಂತೆ ಒಂದು ಹೊಲಿಗೆ ಆಚೆ, ಒಂದು ಈಚೆ. ಇದಕ್ಕೆ ಕಾರಣ ಕೈ ನಡುಕವಲ್ಲ. ಒಂದೇ ತೂತಿನಲ್ಲಿ ಎರಡು ಸಲ ದಾರ ಹಾಯಬೇಕಾದಾಗ ಎರಡನೆಯದು ಮೊದಲನೆಯದರ ಎಡಕ್ಕೋ ಬಲಕ್ಕೋ ಸರಿಯಲೇಬೇಕು. ಪ್ರತಿ ಸಲ ಬೇರೆ ಬೇರೆ ಕಡೆಗೆ ಸರಿದರೆ ಗೆರೆ ಕುಣಿಯುತ್ತದೆ. ಮರಳುವಾಗ ಸೂಜಿ ಸದಾ ಹಳೆಯ ದಾರದ ಒಂದೇ ಮಗ್ಗುಲಿನಿಂದ ಮೇಲೆ ಬಂದು ಇನ್ನೊಂದು ಮಗ್ಗುಲಿನಲ್ಲಿ ಕೆಳಗಿಳಿಯುವಂತೆ ನೋಡಿಕೊಂಡರೆ ಗೆರೆ ನೆಟ್ಟಗಾಗುತ್ತದೆ. ಹಳೆಯ ದಾರವನ್ನು ಚುಚ್ಚಬಾರದು, ಬಟ್ಟೆ ಸುಕ್ಕಾಗುವಷ್ಟು ಎಳೆಯಲೂ ಬಾರದು.

ಮುರ್ಗಿ ಎಂದರೆ ಇದೇ ಗವಂತಿ, ಮೆಟ್ಟಿಲಿನ ಆಕಾರದಲ್ಲಿ. ‘ಮುರಿ’ ಎಂದರೆ ತಿರುವು. ಒಂದು ಹೊಲಿಗೆ ಅಡ್ಡಕ್ಕೆ, ಮುಂದಿನದು ಉದ್ದಕ್ಕೆ, ಮತ್ತೆ ಅಡ್ಡಕ್ಕೆ. ಹೋಗುವಾಗ ಮೇಲ್ಬದಿಯಲ್ಲಿ ಬರೀ ಅಡ್ಡ ಹೊಲಿಗೆಗಳು ಬಿದ್ದಿರುತ್ತವೆ, ಒಂದಕ್ಕೊಂದು ಸಂಬಂಧವೇ ಇಲ್ಲದ ತುಂಡುಗಳಂತೆ. ಬರುವಾಗ ಉದ್ದ ಹೊಲಿಗೆಗಳು ಬಿದ್ದು ಮೆಟ್ಟಿಲು ಮೂಡುತ್ತದೆ. ನೋಡುವವರಿಗೆ ಇದೊಂದು ಜಾದೂ; ಹಾಕುವವರಿಗೆ ಬರೀ ಲೆಕ್ಕ. ದೇವಾಲಯದ ಗೋಪುರ, ತುಳಸಿಕಟ್ಟೆ, ತೇರು, ಅಂಬಾರಿಯ ಆನೆ, ನವಿಲು, ಗಿಳಿ, ತೊಟ್ಟಿಲು, ಪಲ್ಲಕ್ಕಿ – ಕಸೂತಿಯ ಚಿತ್ರಗಳೆಲ್ಲ ಈ ಮೆಟ್ಟಿಲು ಮತ್ತು ನೇರ ಗೆರೆಗಳಲ್ಲೇ ಅಡಗಿವೆ. ಇಲ್ಲಿ ದುಂಡು ಎಂಬುದಿಲ್ಲ. ಎಳೆ ಎಣಿಸಿ ಹಾಕುವ ಹೊಲಿಗೆಯಲ್ಲಿ ಅಡ್ಡ, ಉದ್ದ, ಓರೆ ಇಷ್ಟೇ ದಿಕ್ಕುಗಳು. ಆನೆಯ ಬೆನ್ನೂ ಮೆಟ್ಟಿಲು ಮೆಟ್ಟಿಲಾಗಿಯೇ ಇಳಿಯಬೇಕು. ಕಸೂತಿಯ ಆನೆ ಕಾಡಿನ ಆನೆಯಂತೆ ಕಾಣದೆ ಗುಡಿಯ ಕಟ್ಟಡದಂತೆ ಕಾಣುವುದು ಇದರಿಂದ. ಅದರ ಚೆಲುವೂ ಅಲ್ಲೇ ಇದೆ.

ನೇರ ಗೆರೆ, ಮೆಟ್ಟಿಲು ಇವೆರಡೂ ಒಂದು ವಾರದಲ್ಲಿ ಕೈಗೆ ಹತ್ತುತ್ತವೆ. ಕಲಿಯುವವರು ಎಡವುವುದು ಮುಂದಿನ ಹೆಜ್ಜೆಯಲ್ಲಿ, ಅಂದರೆ ಒಂದು ಚೌಕ ಹಾಕುವಾಗ. ನಾಲ್ಕು ಬದಿಗೆ ನಾಲ್ಕು ಹೊಲಿಗೆ. ಮೊದಲನೆಯದು ಮೇಲೆ, ಎರಡನೆಯದು ಕೆಳಗೆ, ಮೂರನೆಯದು ಮೇಲೆ, ನಾಲ್ಕನೆಯದು ಕೆಳಗೆ. ಸೂಜಿ ಹೊರಟ ಮೂಲೆಗೆ ಬಂದು ನಿಂತಿತು. ಇನ್ನು ಉಳಿದ ಎರಡು ಬದಿ ತುಂಬಲು ಇನ್ನೊಂದು ಸುತ್ತು ಹಾಕಿದರಾಯಿತು ಎಂದು ಮುಂದಕ್ಕೇ ಹೊರಟರೆ ಕೆಟ್ಟಿತು. ಐದನೆಯ ಹೊಲಿಗೆ ಮೊದಲನೆಯದರ ಮೇಲೆಯೇ ಬೀಳುತ್ತದೆ. ಎಷ್ಟು ಪ್ರದಕ್ಷಿಣೆ ಹಾಕಿದರೂ ತುಂಬಿದ ಬದಿಗಳೇ ತುಂಬುತ್ತವೆ, ಖಾಲಿಯವು ಖಾಲಿಯೇ. ಚೌಕದ ಬದಿಗಳು ಸಮಸಂಖ್ಯೆಯಾದ್ದರಿಂದ ಬರುವ ಪೇಚು ಇದು. ಉಪಾಯ ಒಂದೇ: ಮೂಲೆಗೆ ಬಂದ ಸೂಜಿ ಬಂದ ದಾರಿಯಲ್ಲೇ ಹಿಂದಿರುಗಿ ಅಪ್ರದಕ್ಷಿಣೆ ಹಾಕಬೇಕು. ಆಗ ನಾಲ್ಕನೆಯ ಬದಿ ಮೇಲಿನಿಂದ, ಮೂರನೆಯದು ಕೆಳಗಿನಿಂದ, ಹೀಗೆ ಎಲ್ಲವೂ ಸರಿಹೋಗುತ್ತದೆ.

ಚಿತ್ರಕ್ಕೆ ಕೊಂಬೆಗಳಿದ್ದರೆ? ತುಳಸಿಕಟ್ಟೆಯ ಗಿಡವನ್ನೇ ತೆಗೆದುಕೊಳ್ಳಿ. ನಡುವೆ ಒಂದು ಕಾಂಡ, ಅಕ್ಕಪಕ್ಕದಲ್ಲಿ ಎಲೆ ಹೊತ್ತ ಕೊಂಬೆಗಳು. ಕಾಂಡವನ್ನು ಏರುತ್ತಿರುವ ಸೂಜಿ ಕೊಂಬೆಯ ಬುಡಕ್ಕೆ ಬಂದಾಗ ಪಕ್ಕಕ್ಕೆ ತಿರುಗಿ, ಕೊಂಬೆಯ ತುದಿಯವರೆಗೆ ಹೋಗಿ, ಅದೇ ದಾರಿಯಲ್ಲಿ ಬುಡಕ್ಕೆ ಮರಳಿ, ನಂತರ ಕಾಂಡವನ್ನು ಮುಂದಕ್ಕೆ ಏರುತ್ತದೆ. ಕೊಂಬೆಯಲ್ಲಿ ಮೂರು ಹೊಲಿಗೆ ಇದ್ದರೆ ಹೋಗಲು ಮೂರು, ಬರಲು ಮೂರು, ಒಟ್ಟು ಆರು. ನಾಲ್ಕಿದ್ದರೆ ಎಂಟು. ಕೊಂಬೆ ಎಷ್ಟೇ ಉದ್ದವಿರಲಿ, ಹೋಗಿ ಬರುವ ಲೆಕ್ಕ ಸಮಸಂಖ್ಯೆಯೇ ಆಗುತ್ತದೆ. ಆದ್ದರಿಂದ ಕೊಂಬೆಗೆ ತಿರುಗುವ ಮುಂಚೆ ಸೂಜಿ ಬಟ್ಟೆಯ ಯಾವ ಬದಿಯಲ್ಲಿತ್ತೋ, ಮರಳಿ ಬಂದಾಗಲೂ ಅದೇ ಬದಿಯಲ್ಲಿರುತ್ತದೆ. ಕಾಂಡದ ಮೇಲೆ–ಕೆಳಗಿನ ಸರದಿ ಕೆಡುವುದಿಲ್ಲ. ಕೊಂಬೆಗೆ ಉಪಕೊಂಬೆ, ಅದಕ್ಕೊಂದು ಎಲೆ, ಎಲೆಗೊಂದು ತೊಟ್ಟು ಇದ್ದರೂ ನಿಯಮ ಅದೇ. ಹೋದ ದಾರಿಯಲ್ಲಿ ಮರಳಿದರೆ ಎಲ್ಲಿಯೂ ಸಿಕ್ಕಿಬೀಳುವ ಭಯವಿಲ್ಲ.

ಅಕ್ಷರ ಕಲಿಯದ ಎಷ್ಟೋ ಹೆಂಗಸರ ಬೆರಳುಗಳಲ್ಲಿದ್ದ ಈ ನಿಯಮ ಗಣಿತಜ್ಞರಿಗೂ ಆಸಕ್ತಿಯ ವಿಷಯ. ಹದಿನೆಂಟನೆಯ ಶತಮಾನದಲ್ಲಿ ಲಿಯೊನಾರ್ಡ್ ಆಯ್ಲರ್ ಬಿಡಿಸಿದ ಕೋನಿಗ್ಸ್‌ಬರ್ಗ್ ಸೇತುವೆಗಳ ಒಗಟು ಪ್ರಸಿದ್ಧವಾದದ್ದು. ಊರಿನ ಏಳು ಸೇತುವೆಗಳನ್ನು ತಲಾ ಒಂದೇ ಸಲ ದಾಟಿ ಎಲ್ಲವನ್ನೂ ನೋಡಿ ಬರಬಹುದೇ ಎಂಬುದು ಪ್ರಶ್ನೆ. ಸಾಧ್ಯವಿಲ್ಲ ಎಂದು ಆತ ತೋರಿಸಿದ. ಕೈ ಎತ್ತದೆ, ಒಂದು ಗೆರೆಯನ್ನೂ ಎರಡು ಸಲ ಎಳೆಯದೆ ಬರೆಯಲಾಗದ ಚಿತ್ರಗಳು ಬೇಕಾದಷ್ಟಿವೆ. ಆದರೆ ಪ್ರತಿ ಗೆರೆಯ ಮೇಲೂ ಸರಿಯಾಗಿ ಎರಡು ಸಲ ನಡೆಯಬಹುದು ಎಂದರೆ ಒಗಟೇ ಕರಗಿಹೋಗುತ್ತದೆ. ಗೆರೆಗಳೆಲ್ಲ ಒಂದಕ್ಕೊಂದು ಕೂಡಿಕೊಂಡಿದ್ದರೆ ಸಾಕು, ಎಂಥ ಚಿತ್ರವನ್ನೂ ಒಂದು ತೂತಿನಿಂದ ಹೊರಟು ಅದೇ ತೂತಿಗೆ ಮರಳಿ, ಪ್ರತಿ ಗೆರೆಯನ್ನು ಮೇಲೊಮ್ಮೆ ಕೆಳಗೊಮ್ಮೆ ದಾಟಿ ಮುಗಿಸಬಹುದು. ಅಮೆರಿಕದ ಗಣಿತಜ್ಞ ಜೋಶುವಾ ಹೋಲ್ಡನ್ ಇದನ್ನು ಯುರೋಪಿನ ಕಪ್ಪು ದಾರದ ಕಸೂತಿಯನ್ನು ಮುಂದಿಟ್ಟುಕೊಂಡು ವಿವರಿಸಿದ್ದಾರೆ. ಸೂಜಿ ಕೆಲಸದ ಗಣಿತಕ್ಕೇ ಮೀಸಲಾದ, 2008ರ ಲೇಖನ ಸಂಗ್ರಹವೊಂದರಲ್ಲಿ ಅವರ ಬರಹವಿದೆ.

ಯುರೋಪಿನಲ್ಲೂ ಇದೇ ಹೊಲಿಗೆ ಇದೆ ಎಂಬುದು ಹಲವರಿಗೆ ಅಚ್ಚರಿ ತರಬಹುದು. ಅಲ್ಲಿ ಇದಕ್ಕೆ ಒಬ್ಬ ಚಿತ್ರಕಾರನ ಹೆಸರು. ಜರ್ಮನಿಯಲ್ಲಿ ಹುಟ್ಟಿ ಇಂಗ್ಲೆಂಡಿನ ಎಂಟನೆಯ ಹೆನ್ರಿಯ ಆಸ್ಥಾನ ಸೇರಿದ ಹಾನ್ಸ್ ಹೋಲ್ಬೈನ್ 1543ರಲ್ಲಿ ತೀರಿಕೊಂಡ. ಅವನು ಬರೆದ ಭಾವಚಿತ್ರಗಳಲ್ಲಿ ಕುಲೀನರ ಬಿಳಿ ಅಂಗಿಯ ಕೊರಳಪಟ್ಟಿ, ತೋಳಿನ ಅಂಚುಗಳ ಮೇಲೆ ಕಪ್ಪು ರೇಷ್ಮೆಯ ಹೊಲಿಗೆ ಎಳೆ ಎಳೆಯಾಗಿ ಕಾಣುತ್ತದೆ. ವಿಯೆನ್ನಾದ ಸಂಗ್ರಹಾಲಯದಲ್ಲಿರುವ, 1536ರ ಸುಮಾರಿನ ರಾಣಿ ಜೇನ್ ಸೀಮೋರ್‌ಳ ಚಿತ್ರದಲ್ಲಿ ಮುಂಗೈ ಬಳಿಯ ಆ ಕೆಲಸವನ್ನು ಗುರುತಿಸಬಹುದು. ಹೋಲ್ಬೈನ್ ಸೂಜಿ ಹಿಡಿದವನಲ್ಲ. ಹಿಡಿದವರ ಹೆಸರು ಉಳಿಯಲಿಲ್ಲ, ನೋಡಿ ಬರೆದವನ ಹೆಸರು ಹೊಲಿಗೆಗೇ ಅಂಟಿತು. ಇಂಥ ನ್ಯಾಯ ಕಲೆಯ ಚರಿತ್ರೆಯಲ್ಲಿ ಹೊಸದಲ್ಲ.

ಧಾರವಾಡದಿಂದ ಲಂಡನ್ನಿಗೆ ಹೋಯಿತೋ, ಅಲ್ಲಿಂದ ಇಲ್ಲಿಗೆ ಬಂತೋ ಎಂದು ತಲೆ ಕೆಡಿಸಿಕೊಳ್ಳುವ ಅಗತ್ಯ ಕಾಣುವುದಿಲ್ಲ. ಎಣಿಸಬಹುದಾದ ಬಟ್ಟೆ, ಒಂದೇ ದಾರ, ಎರಡೂ ಬದಿ ಕಾಣುವ ಉಡುಪು ಈ ಮೂರು ಕೂಡಿದಲ್ಲಿ ಇಂಥ ಹೊಲಿಗೆ ಮೂಡುವುದು ಸಹಜ. ಅಲ್ಲಿ ಮಡಿಚಿದ ಕೊರಳಪಟ್ಟಿ, ನೆರಿಗೆಯ ತೋಳಂಚು ಎರಡೂ ಬದಿ ತೋರುತ್ತಿದ್ದವು. ಇಲ್ಲಿ ಸೆರಗು. ಉತ್ತರ ಕರ್ನಾಟಕದ ಹೆಂಗಸರು ಸೆರಗನ್ನು ತಲೆಯ ಮೇಲೆ ಹೊದ್ದು ಎದುರಿಗೆ ತಂದುಕೊಂಡಾಗ, ಗಾಳಿಗೆ ಹಾರಿದಾಗ, ಸೊಂಟಕ್ಕೆ ಸಿಕ್ಕಿಸಿದಾಗ ಒಳಬದಿಯೂ ಕಾಣುತ್ತದೆ. ದೊಡ್ಡ ಚಿತ್ರಗಳು ಸೆರಗಿನ ಹತ್ತಿರವೇ ಇದ್ದು, ಒಡಲ ಕಡೆಗೆ ಸರಿದಂತೆ ಚಿಕ್ಕವಾಗಿ ವಿರಳವಾಗುತ್ತ ಹೋಗುವುದೂ ವಾಡಿಕೆ. ಕಾಣುವುದಷ್ಟೇ ಅಲ್ಲ, ಬಾಳಿಕೆಯ ಮಾತೂ ಇದೆ. ಹಿಂಬದಿಯಲ್ಲಿ ಉದ್ದುದ್ದ ಎಳೆಗಳು ಜೋಲಾಡುತ್ತಿದ್ದರೆ ಬಳೆಗೆ, ಉಂಗುರಕ್ಕೆ, ಕಾಲುಂಗುರಕ್ಕೆ ಸಿಕ್ಕಿ ಕಿತ್ತುಬರುತ್ತವೆ. ಕೂಸಿನ ಕುಲಾವಿಯಲ್ಲಿ ಗಂಟಿದ್ದರೆ ನೆತ್ತಿಗೆ ಒತ್ತುತ್ತದೆ. ಗವಂತಿಯಲ್ಲಿ ಎರಡರ ಕಾಟವೂ ಇಲ್ಲ.

ಇನ್ನೊಂದು ಗುಣವನ್ನು ಗಮನಿಸಬೇಕು. ಮೇಲ್ಬದಿಯಲ್ಲಿ ಇಂಥದೇ ಅಖಂಡ ಗೆರೆ ಬರಿಸುವ ಬೇರೊಂದು ಹೊಲಿಗೆಯೂ ಇದೆ. ಅದೇ ಹಿಂಟಾಕಿಗೆ: ಸೂಜಿ ಒಂದು ಹೆಜ್ಜೆ ಹಿಂದೆ ಚುಚ್ಚಿ, ಕೆಳಗೆ ಎರಡು ಹೆಜ್ಜೆ ಮುಂದೆ ಸಾಗಿ ಮೇಲೇಳುತ್ತದೆ. ಅದರಲ್ಲಿ ಮೇಲೆ ಒಂದು ಪಾಲು ದಾರ ಹೋದರೆ ಕೆಳಗೆ ಎರಡು ಪಾಲು ಹೋಗುತ್ತದೆ. ಗವಂತಿಯಲ್ಲಿ ಮೇಲೊಂದು, ಕೆಳಗೊಂದು. ಅಂದರೆ ಮೂರು ಪಾಲು ದಾರ ಬೇಕಾದಲ್ಲಿ ಎರಡರಲ್ಲೇ ಕೆಲಸ ಮುಗಿಯುತ್ತದೆ. ರೇಷ್ಮೆ ದಾರವನ್ನು ಜೋಪಾನವಾಗಿ ಬಳಸಬೇಕಾದ ಮನೆಗಳಲ್ಲಿ ಇದು ಸಣ್ಣ ಲಾಭವಲ್ಲ.

ಆದರೂ ಇಂದು ಪೇಟೆಯಲ್ಲಿ ‘ಕಸೂತಿ’ ಎಂದು ಮಾರಾಟವಾಗುವ ಬಟ್ಟೆಯನ್ನು ಮಗುಚಿ ನೋಡಿದರೆ ಹಿಂಟಾಕಿಗೆ ಸಿಗುವುದು ಅಪರೂಪವಲ್ಲ. ದಾರ ಹೆಚ್ಚು ಹೋದರೂ ಅದನ್ನೇ ಹಾಕುವುದೇಕೆ? ಅದಕ್ಕೆ ಮುಂದಾಲೋಚನೆ ಬೇಡ. ಗೆರೆ ಎತ್ತ ತಿರುಗಿದರೆ ಅತ್ತ ಸಾಗಬಹುದು, ಸಿಕ್ಕಿಬಿದ್ದರೆ ಹಿಂಬದಿಯಿಂದ ಇನ್ನೊಂದು ಮೂಲೆಗೆ ಹಾರಬಹುದು. ಗವಂತಿಯಲ್ಲಿ ಮೊದಲ ಚುಚ್ಚಿಗೆ ಮುನ್ನವೇ ಇಡೀ ಚಿತ್ರದ ದಾರಿ ತಲೆಯಲ್ಲಿರಬೇಕು. ತೇರಿನ ಯಾವ ಮೂಲೆಯಿಂದ ಹೊರಡುವುದು, ಯಾವ ಗಾಲಿಯನ್ನು ಹೋಗುವಾಗ ಮುಗಿಸುವುದು, ಯಾವುದನ್ನು ಮರಳುವಾಗ ಹಿಡಿಯುವುದು, ಬಣ್ಣ ಎಲ್ಲಿ ಬದಲಾಗಬೇಕು, ಒಂದು ಮೊಳ ದಾರ ಎಲ್ಲಿಯವರೆಗೆ ಸಾಕಾದೀತು. ಹೋಗುವಾಗ ಒಂದೇ ಒಂದು ಎಳೆ ತಪ್ಪಿ ಎಣಿಸಿದರೂ ಮರಳುವಾಗ ತುದಿಗಳು ಕೂಡುವುದಿಲ್ಲ. ತಪ್ಪಿದ ಜಾಗದವರೆಗೆ ಬಿಚ್ಚಬೇಕು. ಬೆರಳಿಗೆ ಹೆಚ್ಚಿನ ದುಡಿಮೆಯಿಲ್ಲ, ಹೊಣೆಯೆಲ್ಲ ತಲೆಯ ಮೇಲೆ. ಸೀರೆಗಿಷ್ಟು ಎಂದು ಕೂಲಿ ಗೊತ್ತುಮಾಡುವ ವ್ಯಾಪಾರದಲ್ಲಿ ಈ ಯೋಚನೆಯ ಹೊತ್ತಿಗೆ ಬೆಲೆ ಕಟ್ಟುವವರಿಲ್ಲ. ಕೊಳ್ಳುವವರು ಹಿಂಬದಿ ನೋಡುವುದನ್ನು ಬಿಟ್ಟರೆ ಹೊಲಿಯುವವರು ಅದನ್ನು ಕಾಯ್ದುಕೊಳ್ಳಲಿ ಎಂದು ಬಯಸುವುದು ಅನ್ಯಾಯ.

ಯಂತ್ರದ ಕಥೆ ಬೇರೆ. 1846ರಲ್ಲಿ ಎಲಿಯಾಸ್ ಹೋವ್ ಹಕ್ಕುಪತ್ರ ಪಡೆದ ಕಾಲದಿಂದ ಹೊಲಿಗೆ ಯಂತ್ರ ನಡೆಯುವುದು ಎರಡು ದಾರಗಳ ಮೇಲೆ. ಸೂಜಿಯ ದಾರ ಮೇಲೆ, ಬಾಬಿನ್ನಿನ ದಾರ ಕೆಳಗೆ. ಎರಡೂ ಬಟ್ಟೆಯ ನಡುವೆ ಕೊಂಡಿ ಹಾಕಿಕೊಳ್ಳುತ್ತವೆ. ಯಂತ್ರದ ಸೂಜಿ ಮರಳಬೇಕಾಗಿಯೇ ಇಲ್ಲ, ಎರಡು ಬದಿಯೂ ಒಟ್ಟಿಗೇ ತುಂಬುತ್ತವೆ. ಕಂಪ್ಯೂಟರಿನ ಯಂತ್ರ ಕಸೂತಿಯ ತೇರನ್ನು ಗಳಿಗೆಯಲ್ಲಿ ಮೂಡಿಸುತ್ತದೆ. ಕೆಳಗೂ ಅದೇ ಬಣ್ಣದ ದಾರ ಹಾಕಿದರೆ ಹಿಂಬದಿಯೂ ಹೆಚ್ಚುಕಡಿಮೆ ಹಾಗೇ ಕಂಡೀತು. ಕತ್ತರಿಸಿದ ಗಿಡ್ಡ ತುದಿಗಳು, ಒಂದೇ ಜಾಗದಲ್ಲಿ ನಾಲ್ಕಾರು ಸಲ ಕುಟ್ಟಿದ ಗುರುತು, ಹಿಂಬದಿಗೆ ಆಸರೆಯಾಗಿ ಇಟ್ಟ ಕಾಗದದಂಥ ಪದರದ ಉಳಿಕೆ, ಇವುಗಳಿಂದ ಅದನ್ನು ಗುರುತಿಸಬಹುದು. ಯಂತ್ರದ್ದೆಂದು ಹೇಳಿ ಮಾರಿದರೆ ಅದರಲ್ಲಿ ತಪ್ಪೇನಿಲ್ಲ. ಕೈಕೆಲಸದ ಬೆಲೆಗೆ ಮಾರುವುದು ಮಾತ್ರ ಮೋಸ. ಧಾರವಾಡ ಸೀಮೆಯ ಈ ಕಸೂತಿಗೆ ಭೌಗೋಳಿಕ ಗುರುತಿನ ಮಾನ್ಯತೆ ದೊರೆತು ವರ್ಷಗಳೇ ಕಳೆದಿವೆ. ಅದು ಹೆಸರಿನ ದುರ್ಬಳಕೆಯ ವಿರುದ್ಧ ಒಂದು ಕಾನೂನಿನ ಬೇಲಿ. ಬೇಲಿಯ ಒಳಗಿನ ಬೆಳೆಯನ್ನು ಬೆಳೆಯುವ ಕೆಲಸ ಕಾನೂನಿನದಲ್ಲ.

ಬಟ್ಟೆಯೂ ಬದಲಾಗಿದೆ. ನುಣುಪಾದ ರೇಷ್ಮೆ, ಕ್ರೇಪ್‌ಗಳ ಎಳೆ ಎಣಿಸಲು ಸಿಗುವುದಿಲ್ಲ. ಅದಕ್ಕೆ ಹೊಲಿಯುವವರೇ ಉಪಾಯ ಕಂಡುಕೊಂಡಿದ್ದಾರೆ. ಬಲೆಯಂತೆ ತೆಳ್ಳಗಿರುವ ಕ್ಯಾನ್ವಾಸಿನ ತುಂಡನ್ನು ಬಟ್ಟೆಯ ಮೇಲಿಟ್ಟು ಹೆಬ್ಬೊಲಿಗೆ ಹಾಕಿ, ಅದರ ಕಣ್ಣುಗಳನ್ನು ಎಣಿಸಿ ಎರಡನ್ನೂ ಸೇರಿಸಿ ಹೊಲಿದು, ಮುಗಿದ ಮೇಲೆ ಕ್ಯಾನ್ವಾಸಿನ ಎಳೆಗಳನ್ನು ಒಂದೊಂದಾಗಿ ಎಳೆದು ತೆಗೆಯುತ್ತಾರೆ. ಹೊಲಿಗೆ ಮಾತ್ರ ರೇಷ್ಮೆಯ ಮೇಲೆ ಉಳಿಯುತ್ತದೆ. ಇದರಿಂದ ಕಸೂತಿ ಕುರ್ತಾ, ದುಪಟ್ಟಾ, ಪರದೆ, ಮೇಜಿನ ಹೊದಿಕೆಗಳಿಗೆ ಹಬ್ಬಿ ಬದುಕಿಕೊಂಡಿತು ಎನ್ನಬೇಕು.

ಹಳೆಯ ಚಿತ್ರಗಳನ್ನು ಉಳಿಸುವ ಕೆಲಸವೂ ನಡೆದಿದೆ. ಚೌಕದ ಹಾಳೆಯ ಮೇಲೆ ಗೆರೆ ಗೆರೆಯಾಗಿ ತೇರು, ಗೋಪುರಗಳನ್ನು ಇಳಿಸಿದ ಮಾದರಿ ಪುಸ್ತಕಗಳು ಸಿಗುತ್ತವೆ. ಅವು ಬೇಕಾದವೇ. ಆದರೆ ಅವುಗಳಲ್ಲಿ ಒಂದು ಕೊರತೆಯಿದೆ. ಅವು ಚಿತ್ರವನ್ನು ತೋರಿಸುತ್ತವೆ, ದಾರಿಯನ್ನು ತೋರಿಸುವುದಿಲ್ಲ. ತೋರಿಸುವಂತೆಯೂ ಇಲ್ಲ, ಏಕೆಂದರೆ ಮುಗಿದ ಕಸೂತಿಯನ್ನು ನೋಡಿ ಅದನ್ನು ಹೊಲಿದ ದಾರಿಯನ್ನು ಹೇಳಲು ಬರುವುದಿಲ್ಲ. ಗಂಟಿಲ್ಲ, ತುದಿಯಿಲ್ಲ, ಎರಡು ಬದಿಯೂ ಒಂದೇ. ಹೊಲಿಗೆಯ ಹೆಚ್ಚುಗಾರಿಕೆಯೇ ತನ್ನ ಜಾಡನ್ನು ಅಳಿಸಿಬಿಡುತ್ತದೆ. ನೂರು ಹೊಲಿಗೆಯ ಗೋಪುರವೊಂದಕ್ಕೆ ಸರಿಯಾದ ದಾರಿಗಳು ಎಷ್ಟೋ ಇರಬಹುದು. ಅವುಗಳಲ್ಲಿ ಯಾವುದು ಕೈಗೆ ಸಲೀಸು, ಯಾವುದರಲ್ಲಿ ಎಣಿಕೆ ತಪ್ಪುವ ಸಂಭವ ಕಡಿಮೆ, ಯಾವುದರಲ್ಲಿ ಬಟ್ಟೆ ಜಗ್ಗುವುದಿಲ್ಲ ಎಂಬುದು ಅಜ್ಜಿಯ ಪಕ್ಕದಲ್ಲಿ ಕೂತು, ಅವಳ ಸೂಜಿ ತಿರುಗಿದಲ್ಲಿ ಕಣ್ಣು ತಿರುಗಿಸಿ ಕಲಿಯುತ್ತಿದ್ದ ವಿದ್ಯೆ. ಮಾದರಿಯ ಜೊತೆಗೆ ಬಾಣದ ಗುರುತು, ಹೊಲಿಗೆಯ ಅಂಕಿಗಳನ್ನೂ ಬರೆದಿಟ್ಟರೆ ಈ ವಿದ್ಯೆಯನ್ನು ಕಾಗದಕ್ಕೆ ಇಳಿಸಬಹುದು. ದೊಡ್ಡ ಖರ್ಚಿನ ಕೆಲಸವಲ್ಲ. ದಾರಿ ಬಲ್ಲವರು ಇರುವಾಗಲೇ ಆಗಬೇಕು.

ದಾರಿಯನ್ನು ಬಾಯಿಬಿಟ್ಟು ಹೇಳುವುದು ಅರ್ಧಕ್ಕೆ ನಿಂತ ಕೆಲಸ ಮಾತ್ರ. ಹಳೆಯ ಟ್ರಂಕುಗಳಲ್ಲಿ ಅಂಥ ಬಟ್ಟೆ ಸಿಕ್ಕರೆ ಹಾಳೆಂದು ಎಸೆಯಬಾರದು, ಯಾರೋ ಮುಗಿಸಲೆಂದು ಕೊಡಲೂ ಬಾರದು. ಅದನ್ನು ಬೆಳಕಿಗೆ ಹಿಡಿದು ನೋಡಬೇಕು. ಗೆರೆ ಅಖಂಡವಾಗಿರುವಲ್ಲೆಲ್ಲ ಸೂಜಿ ಹೋಗಿ ಮರಳಿದೆ. ಗೆರೆ ತುಂಡುತುಂಡಾಗಿ, ಒಂದು ಹೊಲಿಗೆ ಬಿಟ್ಟು ಒಂದು ಇರುವಲ್ಲಿ ಅದು ಹೋದದ್ದು ಇನ್ನೂ ಮರಳಿಲ್ಲ. ದಾರ ನಿಂತ ತೂತಿನಿಂದ ಈ ತುಂಡು ಗೆರೆಯನ್ನೇ ಹಿಡಿದು ಹಿಂದಕ್ಕೆ ಸಾಗಿದರೆ, ಮುಗಿದ ಕೊಂಬೆಗಳನ್ನು ಪಕ್ಕಕ್ಕೆ ಬಿಡುತ್ತ, ಆಕೆ ಮೊದಲು ಸೂಜಿ ಮೇಲೆತ್ತಿದ ತೂತಿಗೆ ಹೋಗಿ ತಲುಪಬಹುದು.